ಕೆಂಪು ಪೆಟ್ಟಿಗೆಯ ನಲವತ್ತಾರು

ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ಬಿಸಿಲಿನಿಂದ ನೇರವಾಗಿ ಬಂದವರಿಗೆ ನನ್ನ ಗೂಡಿನೊಳಗೆ ಏನೂ ಕಾಣುವುದಿಲ್ಲ. ಕಾರ್ಖಾನೆಯವರು ಅದನ್ನು ಡಾರ್ಕ್ ರೂಮ್ ಅನ್ನುತ್ತಾರೆ. ರೂಮೇನಲ್ಲ, ಮೂಲೆಯಲ್ಲಿ ನಾಲ್ಕು ಕಬ್ಬಿಣದ ಕಂಬ ನಿಲ್ಲಿಸಿ ಸುತ್ತಲೂ ದಪ್ಪ ಕಪ್ಪು ಪರದೆ ಇಳಿಬಿಟ್ಟಿದ್ದಾರೆ. ಒಳಗೆ ಒಂದು ಸ್ಟೂಲು, ಕಬ್ಬಿಣಕ್ಕೆ ಅಯಸ್ಕಾಂತದ ಗುಣ ಹಿಡಿಸುವ ಒಂದು ಯಂತ್ರ, ತಲೆಯ ಮೇಲೆ ನೇರಳೆ ದೀಪ. ಪಿನ್ನನ್ನು ಯಂತ್ರಕ್ಕೆ ಕೊಟ್ಟು, ಅದರ ಮೇಲೆ ಹೊಳೆಯುವ ಪುಡಿ ಬೆರೆಸಿದ ಎಣ್ಣೆ ಸುರಿದು, ದೀಪದ ಕೆಳಗೆ ತಿರುಗಿಸಿ ನೋಡಬೇಕು. ಪಿನ್ನು ಗಟ್ಟಿಯಾಗಿದ್ದರೆ ಕಪ್ಪಾಗಿಯೇ ಇರುತ್ತದೆ. ಬಿರುಕಿದ್ದರೆ ಆ ಬಿರುಕು ಹಸಿರಾಗಿ ಹೊಳೆಯುತ್ತದೆ, ಕೂದಲೆಳೆಯಷ್ಟು. ಅದೇ ಪಿನ್ನನ್ನು ಹೊರಗೆ ಬೆಳಕಿಗೆ ತಂದು ನೋಡಿದರೆ ಬೆಳ್ಳಿಯಂತೆ ನುಣುಪು. ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ.

ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಮನೆ ಚೊಕ್ಕಸಂದ್ರದಲ್ಲಿ, ಪೀಣ್ಯಕ್ಕೆ ನಡೆದೇ ಬರುತ್ತೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಕಷ್ಟ. ಪರದೆಯೊಳಗೆ ಯಾರೂ ಮಾತಾಡಿಸುವುದಿಲ್ಲವಾದ್ದರಿಂದ ಈ ಕೆಲಸ ಒಗ್ಗಿಹೋಯಿತು. ನಾಲ್ಕು ವರ್ಷಗಳಲ್ಲಿ ನಾನು ಚೆನ್ನಾಗಿದೆ ಎಂದು ಕಳಿಸಿದ ಒಂದು ಪಿನ್ನೂ ವಾಪಸ್ಸು ಬಂದಿರಲಿಲ್ಲ.

ಪಿನ್ನು ಕಿರುಬೆರಳಿಗಿಂತ ತುಸು ಚಿಕ್ಕದು. ಕಾರಿನ ಬ್ರೇಕ್ ಪೆಡಲನ್ನೂ ಅದರ ಹಿಂದಿನ ಸಲಾಕೆಯನ್ನೂ ಜೋಡಿಸುವುದು ಅದೇ. ಅದು ಮುರಿದರೆ ಪೆಡಲಿಗೂ ಬ್ರೇಕಿಗೂ ಸಂಬಂಧವೇ ಉಳಿಯುವುದಿಲ್ಲ. ಈಗ ಎಲ್ಲರೂ ಕೊಳ್ಳುತ್ತಿರುವ ಎತ್ತರದ ಸಣ್ಣ ಗಾಡಿಗಳಲ್ಲಿ ಮೂರು ಕಂಪನಿಯವು ಈ ಒಂದೇ ಪಿನ್ನನ್ನು ಹಾಕುತ್ತವೆ. ನಮ್ಮಲ್ಲಿ ಪೆಟ್ಟಿಗೆಯ ಮೇಲಿನ ಚೀಟಿ ಮಾತ್ರ ಬೇರೆ: ನೀಲಿ, ಹಸಿರು, ಬಿಳಿ.

ಟೀ ಹೊತ್ತಿನಲ್ಲಿ ಇದೇ ಜಗಳ. ಲೇತ್ ಮೇಲೆ ಕೆಲಸ ಮಾಡುವ ಮುತ್ತು ಒಂದು ದಿನ ಹೇಳುತ್ತಿದ್ದ: "ನೀಲಿ ಕಂಪ್ನಿದು ಸಕ್ಕತ್ ಗಟ್ಟಿ ಗುರು. ಬಿಳಿದು ಬರೀ ಡಬ್ಬ."

ನಮ್ಮ ಕ್ವಾಲಿಟಿ ಇನ್‌ಚಾರ್ಜ್ ರಾಜೇಂದ್ರ ಸಾರ್ ನನ್ನ ಕಡೆ ಕೈ ತೋರಿಸಿ ನಕ್ಕರು. "ಮೇಲೆ ತಗಡು ಬೇರೆ, ಲೈಟು ಬೇರೆ, ಟೀವೀಲಿ ಬರೋ ಹೀರೋಯಿನ್ನು ಬೇರೆ. ಕಾಲಿಡೋ ಕಡೆ ಮೂರಕ್ಕೂ ನಮ್ಮ ವೇಣಿ ನೋಡಿರೋ ಪಿನ್ನೇ ಕಣೋ."

"ಹಂಗಾದ್ರೆ ಯಾವ್ದು ತಗೊಂಡ್ರೂ ಒಂದೇನಾ ಸಾರ್?"

"ಒಂದು ಚೆನ್ನಾಗಿದ್ರೆ ಮೂರೂ ಚೆನ್ನಾಗಿರುತ್ತೆ."

"ಮೊದ್ಲು ತಗೊಳ್ಳೋಕೆ ಯೋಗ್ಯತೆ ಇರ್ಬೇಕಲ್ಲ ಮಗಾ" ಎಂದು ಯಾರೋ ಮುತ್ತುವಿಗೆ ಹೇಳಿದರು. ಎಲ್ಲರೂ ನಕ್ಕರು. ನಾನೂ ಲೋಟದ ಹಿಂದೆ ನಕ್ಕೆ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಒಂದು ಕೆಟ್ಟ ಬ್ಯಾಚು ಬಂತು. ಪಿನ್ನುಗಳನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕಡೆ ಎಣ್ಣೆಗೆ ನೀರು ಸೇರಿತ್ತಂತೆ. ಅವತ್ತು ದೀಪದ ಕೆಳಗೆ ಹಸಿರು ಗೆರೆಗಳು ಒಂದರ ಹಿಂದೆ ಒಂದು ಕಾಣಿಸಿಕೊಂಡವು. ಎಲ್ಲವೂ ಒಂದೇ ಜಾಗದಲ್ಲಿ, ತುದಿಯ ತೂತಿನ ಪಕ್ಕ. ಸಂಜೆಯವರೆಗೆ ನಲವತ್ತಾರು ಸಿಕ್ಕವು. ಒಂದೊಂದಕ್ಕೂ ಕೆಂಪು ಬಣ್ಣ ಬಳಿದು ಕೆಂಪು ಪೆಟ್ಟಿಗೆಗೆ ಹಾಕಿದೆ. ಆ ಪೆಟ್ಟಿಗೆಗೆ ಬೀಗವಿದೆ, ಕೀಲಿ ರಾಜೇಂದ್ರ ಸಾರ್ ಹತ್ತಿರ. ಪೆಟ್ಟಿಗೆಗೆ ಹೋದದ್ದನ್ನು ಕತ್ತರಿಸಿ ಗುಜರಿಗೆ ಕಳಿಸಬೇಕು. ಗುಜರಿಯವನು ಹಬ್ಬ ಕಳೆದು ಬರುತ್ತೇನೆ ಎಂದಿದ್ದ. ರಿಜಿಸ್ಟರಿನಲ್ಲಿ ನಲವತ್ತಾರು ಎಂದು ಬರೆದು ಸಹಿ ಹಾಕಿದೆ.

ಹಬ್ಬದ ಹಿಂದಿನ ದಿನ ಯಂತ್ರ ನಿಲ್ಲಿಸಿ ಎಲ್ಲರೂ ತೊಳೆಯಲು ನಿಂತೆವು. ನಮ್ಮ ಯಜಮಾನರು ಹನುಮಂತರಾಯಪ್ಪನವರಿಗೆ ಆ ದಿನ ಎಲ್ಲೂ ಒಂದು ಕಲೆ ಇರಬಾರದು. ಸ್ಪ್ಯಾನರು, ಸುತ್ತಿಗೆ, ತಕ್ಕಡಿ ಎಲ್ಲವೂ ಹೊಳೆಯಬೇಕು, ಪೆಟ್ಟಿಗೆಗಳಿಗೆ ಹೊಸ ಬಣ್ಣ ಬೀಳಬೇಕು. ನನ್ನ ಪಾಲಿಗೆ ಬಂದದ್ದು ಪರದೆಗಳು. ನಾನು ಅವನ್ನು ತೆಗೆದುಕೊಂಡು ತಾರಸಿಗೆ ಹೋದೆ. ಕೆಳಗೆ ಏನು ನಡೆಯಿತೆಂದು ನೋಡಲಿಲ್ಲ. ನಾನು ಎಲ್ಲವನ್ನೂ ನೋಡುವವಳು, ಅದೊಂದನ್ನು ನೋಡಲಿಲ್ಲ.

ಮಾರನೇ ದಿನ ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಪುರಿ ಹಂಚಿದರು. ನನ್ನ ನೇರಳೆ ದೀಪಕ್ಕೂ ಒಂದು ಚೆಂಡುಹೂವು ಸಿಕ್ಕಿಸಿದ್ದರು. ರಜೆ ಮುಗಿಸಿ ಬಂದಾಗ ಕೆಂಪು ಪೆಟ್ಟಿಗೆ ಹೊಸ ಬಣ್ಣದಲ್ಲಿ ಬೀಗ ಹಾಕಿಕೊಂಡು ಕುಳಿತಿತ್ತು. ಅಲುಗಿಸಿ ನೋಡಿದೆ, ಖಾಲಿ. ಗುಜರಿಯವನು ಒಯ್ದಿರಬೇಕು ಅಂದುಕೊಂಡೆ.

ಆ ವಾರ ಪ್ಯಾಕಿಂಗ್‌ನ ಶಾಂತಿ ಊಟಕ್ಕೆ ಕೂತಾಗ ಹೇಳಿದ್ದಳು: "ಎರಡು ಸಾವಿರ ಅಂತ ಕೊಟ್ರು ಕಣೇ, ನಲವತ್ತಾರು ಜಾಸ್ತಿ ಬಂತು. ಹಬ್ಬದ ಬೋನಸ್ಸು ಪಿನ್ನಲ್ಲಿ ಕೊಟ್ಟವ್ರೆ." ನಾನು ಆ ಸಂಖ್ಯೆಯನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಅನ್ನ ಕಲಸುತ್ತಾ ಕೂತೆ.

ಎರಡು ತಿಂಗಳು ಕಳೆದ ಮೇಲೆ, ಒಂದು ಸೋಮವಾರ, ರಾಜೇಂದ್ರ ಸಾರ್ ಹೊಸ ಗಾಡಿ ತಂದರು. ಹಸಿರು ಚೀಟಿಯ ಕಂಪನಿಯದು, ಇಟ್ಟಿಗೆ ಬಣ್ಣ. ಗೇಟಿನ ಒಳಗೆ ನಿಲ್ಲಿಸಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅವರ ಹೆಂಡತಿ, ಮಗಳು, ತಾಯಿ ಒಳಗೇ ಕೂತಿದ್ದರು. ಮಗಳು ಮುಂದಿನ ಸೀಟಿನಲ್ಲಿ ಹಾರ್ನ್ ಒತ್ತುತ್ತಿದ್ದಳು.

"ನಮ್ಮ ಪಿನ್ನಿರೋ ಗಾಡೀನೇ ಬೇಕು ಅಂತ ತಗೊಂಡೆ" ಎಂದು ಅವರು ಎಲ್ಲರಿಗೂ ಹೇಳಿದರು. "ನಮ್ಮ ಭಾಮೈದ ಬಿಳಿದು ಬುಕ್ ಮಾಡ್ದ. ಪಕ್ಕದ ಮನೆಯವರಿಗೆ ನೀಲಿದು ಕೊಡ್ಸ್ದೆ. ಧೈರ್ಯವಾಗಿ ಓಡ್ಸಿ ಅಂದೆ."

ಚನ್ನಕ್ಕ ಗಾಡಿಯ ಬಾಗಿಲನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಅವಳು ಕೊಪ್ಪಳದ ಕಡೆಯವಳು, ಗಂಡ ಇಲ್ಲ. ನಾಗಸಂದ್ರದ ಹತ್ತಿರ ಒಂದು ಕೋಣೆಯಲ್ಲಿರುತ್ತಾಳೆ. ಹಬ್ಬಕ್ಕೆ ಹತ್ತು ದಿನ ಮುಂಚೆ ಗುಡಿಸುವ ಕೆಲಸಕ್ಕೆ ಸೇರಿದ್ದಳು.

"ಏಟು ಥಳಥಳ ಅಂತೈತಿ ನೋಡ ತಂಗಿ" ಎಂದಳು. "ಆಯುಧಪೂಜಿಗಂತ ನಾ ತೊಳದ ಮೊಳಿ ಹಿಂಗ ಹೊಳಿತಿದ್ವು."

"ಯಾವ ಮೊಳೆ ಅಕ್ಕ?"

"ನೀ ನೋಡತಿಯಲ್ಲ, ಅವ. ಡಬ್ಬಿಗೆ ಬಣ್ಣ ಬಡಿಯಾಕ ಅಂತ ಚೀಲದ ಮ್ಯಾಲ ಸುರುವಿದ್ರು. ಹೊಸಾ ಕಬ್ಬಣಕ್ಕ ಯಾರೋ ಕೆಂಪ ಬಣ್ಣ ಚೆಲ್ಲಿದ್ರು ಯವ್ವಾ. ಪೂಜಿ ದಿನ ಹೊಲಸ ಇರಬಾರದಂತ ಥಿನ್ನರ್ ಹಚ್ಚಿ ತಿಕ್ಕೀನಿ. ಒಂದೊಂದ ತಿಕ್ಕಿ ತಿಕ್ಕಿ ನನ್ನ ಉಗುರು ಸವದ್ವು."

"ತಿಕ್ಕಿ ಎಲ್ಲಿಟ್ಟೆ?"

"ಅಲ್ಲೇ ಬಾಜೂಕ ಅವರ ಅಣ್ಣತಮ್ಮರು ಇದ್ರಲ್ಲ, ದೊಡ್ಡ ಬುಟ್ಟಿಯಾಗ. ಅದರಾಗ ಹಾಕಿದ್ನಿ. ಯಾಕ ತಂಗಿ?"

ರಾಜೇಂದ್ರ ಸಾರ್ ಗಾಡಿ ಮುಂದಕ್ಕೆ ಬಿಟ್ಟರು. ನಾಲ್ಕು ನಿಂಬೆಹಣ್ಣುಗಳೂ ಒಟ್ಟಿಗೆ ಒಡೆದವು. ಬ್ರೇಕ್ ಒತ್ತಿದಾಗ ಹಿಂದೆ ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಏನಿಲ್ಲ ಅಕ್ಕ" ಎಂದೆ.

ಆ ಮಧ್ಯಾಹ್ನ ನಾನು ಹಳೆಯ ರವಾನೆ ಪುಸ್ತಕ ತೆಗೆದು ನೋಡಿದೆ. ನಾನು ನೋಡಿ ಚೆನ್ನಾಗಿದೆ ಎಂದು ಇಟ್ಟಿದ್ದ ಆ ಬುಟ್ಟಿ ಮೂರು ಪಾಲಾಗಿ ಹೋಗಿತ್ತು. ನೀಲಿಗೆ ಏಳುನೂರು, ಹಸಿರಿಗೆ ಎಂಟುನೂರು, ಬಿಳಿಗೆ ಐನೂರ ನಲವತ್ತಾರು. ನಾನು ಕೆಂಪು ಗುರುತು ಹಾಕಿ ಬೇರೆ ತೆಗೆದಿಟ್ಟ ನಲವತ್ತಾರು ಪಿನ್ನುಗಳು ಗುರುತು ಒರೆಸಿಕೊಂಡು ಮೂರು ಹೆಸರಿನ ಗಾಡಿಗಳೊಳಗೆ ಸೇರಿದ್ದವು. ಅದರಲ್ಲಿ ಒಂದು ಆ ಇಟ್ಟಿಗೆ ಬಣ್ಣದ ಗಾಡಿಯದಾಗಿರಬಹುದು. ಆಗಿರದೆಯೂ ಇರಬಹುದು.

ಮಂಗಳವಾರ ರಾಜೇಂದ್ರ ಸಾರ್ ಮೇಜಿನ ಮುಂದೆ ಹೋಗಿ ನಿಂತೆ.

"ಏನಮ್ಮ?"

"ಏನಿಲ್ಲ ಸಾರ್."

ಬುಧವಾರವೂ ಹೋದೆ. "ರಜೆ ಬೇಕಾ?" ಎಂದರು. ತಲೆಯಾಡಿಸಿ ಬಂದುಬಿಟ್ಟೆ. ಮನೆಗೆ ಹೋಗುವಾಗ ದಾಸರಹಳ್ಳಿ ಸಿಗ್ನಲ್ಲಿನಲ್ಲಿ ನಿಂತೆ. ಆ ಮೂರು ಗಾಡಿಗಳು ಎಷ್ಟೊಂದಿವೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಂಪು ದೀಪ ಬಿದ್ದಾಗ ಒಂದೊಂದಾಗಿ ಬಂದು ನಿಲ್ಲುತ್ತಿದ್ದವು. ನಾನು ಪ್ರತಿಯೊಂದೂ ನಿಲ್ಲುವವರೆಗೆ ಉಸಿರು ಹಿಡಿಯುತ್ತಿದ್ದೆ. ಗುರುವಾರ, ಶುಕ್ರವಾರ ಅವರ ಮೇಜಿನ ಕಡೆಗೇ ಹೋಗಲಿಲ್ಲ. ಚನ್ನಕ್ಕನ ಕೆಲಸ ಹೋಗುತ್ತದೆ ಎಂಬುದು ಒಂದು ನೆವ. ನಾಲಿಗೆ ಏಳುತ್ತಿರಲಿಲ್ಲ ಎಂಬುದು ನಿಜ.

ಶನಿವಾರ ಊಟದ ಹೊತ್ತಿಗೆ ರಾಜೇಂದ್ರ ಸಾರ್ ಮುತ್ತುವಿಗೆ ಹೇಳುತ್ತಿದ್ದರು: "ನಾಳೆ ಅಮ್ಮನ್ನ ಕರ್ಕೊಂಡು ದೇವರಾಯನದುರ್ಗ. ಮೇಲಕ್ಕೆ ಸುಮ್ನೆ ಹತ್ತುತ್ತೆ ಮಗಾ ಗಾಡಿ."

ಹತ್ತಿದ ಮೇಲೆ ಇಳಿಯಬೇಕು. ನಾನು ಎದ್ದು ಅವರ ಹಿಂದೆಯೇ ಹೋಗಿ, ಅವರು ಕೂರುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಬಾಗಿಲು ಮುಚ್ಚಿದರು. ಆಮೇಲೆ ಕೇಳಿದ್ದು, "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್."

"ಚನ್ನಕ್ಕಂಗೆ ಇದೇನು ಅಂತ ಗೊತ್ತಾ?"

"ಇಲ್ಲ."

"ಹೇಳಿದ್ರೆ ಏನಾಗುತ್ತೆ ಗೊತ್ತೇನಮ್ಮ? ಮೂರೂ ಕಂಪ್ನಿ ಒಂದೇ ದಿನ ನಮ್ಗೆ ಬಾಗ್ಲು ಹಾಕ್ತವೆ. ಅರವತ್ತು ಜನ ಇದ್ದೀವಿ ಇಲ್ಲಿ. ಮುರಿಯುತ್ತೆ ಅಂತ ಏನು ಗ್ಯಾರಂಟಿ? ಬಿರುಕಿದ್ದಿದ್ದೆಲ್ಲ ಮುರಿಯುತ್ತಾ?"

ಅವರು ಕೀಲಿ ತೆಗೆದುಕೊಂಡು ಹೊರಗೆ ಹೋದರು. ಗಾಡಿಯ ಬಾಗಿಲು ತೆಗೆದು, ಬಿಸಿಲಿನಲ್ಲಿ ಅಂಗಾತ ತೂರಿಕೊಂಡು, ಸ್ಟೀರಿಂಗಿನ ಕೆಳಗೆ ಕೈ ಹಾಕಿದರು. ಅವರು ಮೊದಲು ಫಿಟ್ಟರ್ ಆಗಿದ್ದವರು. ಮುಕ್ಕಾಲು ಗಂಟೆಯಲ್ಲಿ ಬೆವರಿಳಿಸಿಕೊಂಡು ಬಂದು ನನ್ನ ಅಂಗೈಯಲ್ಲಿ ಒಂದು ಪಿನ್ನು ಇಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ನೋಡು. ಇದು ಚೆನ್ನಾಗಿದ್ರೆ ಈ ವಿಷ್ಯ ಇಲ್ಲಿಗೇ ಮುಗೀತು. ನೀನೂ ಮರ್ತುಬಿಡು, ನಾನೂ ಮರೀತೀನಿ."

ನಾನು ಪರದೆಯೊಳಗೆ ಹೋದೆ. ಪಿನ್ನು ತೊಳೆದು, ಯಂತ್ರಕ್ಕೆ ಕೊಟ್ಟು, ಎಣ್ಣೆ ಸುರಿದು, ದೀಪದ ಕೆಳಗೆ ಹಿಡಿದೆ. ತೂತಿನ ಪಕ್ಕ ನೋಡಿದೆ. ಇನ್ನೊಂದು ಪಕ್ಕ ನೋಡಿದೆ. ನಾಲ್ಕು ಸಲ ತಿರುಗಿಸಿದೆ. ಕಪ್ಪು. ಎಲ್ಲಿಯೂ ಒಂದು ಎಳೆ ಹಸಿರಿಲ್ಲ.

ಹೊರಗೆ ಅವರ ಚಪ್ಪಲಿ ಅತ್ತಿಂದಿತ್ತ ಓಡಾಡುತ್ತಿತ್ತು. ನಾನು "ಚೆನ್ನಾಗಿದೆ" ಎಂದರೆ ಅವರು ನಾಳೆ ಬೆಟ್ಟಕ್ಕೆ ಹೋಗಿ ಸುಖವಾಗಿ ಇಳಿದು ಬರುತ್ತಾರೆ. ಉಳಿದ ಎರಡು ಸಾವಿರ ಗಾಡಿಗಳನ್ನು ಯಾರೂ ಯಾವತ್ತೂ ತೆಗೆದು ನೋಡುವುದಿಲ್ಲ.

ಅವರು ತಡೆಯಲಾರದೆ ಪರದೆ ಸರಿಸಿ ಒಳಗೆ ಬಂದರು. "ಏನಾಯ್ತು?"

"ಇದೆ ಸಾರ್."

"ಎಲ್ಲಿ?"

ತೂತಿನ ಪಕ್ಕಕ್ಕೆ ಉಗುರು ತೋರಿಸಿದೆ. ಅವರು ಬಗ್ಗಿದರು. ಅವರ ಕಣ್ಣಿನ ತುಂಬ ಇನ್ನೂ ಹೊರಗಿನ ಬಿಸಿಲಿತ್ತು, ಐದು ನಿಮಿಷ ಆಗಿರಲಿಲ್ಲ.

"ಹೌದು" ಎಂದರು. ಮತ್ತೆ, ಇನ್ನೂ ಮೆಲ್ಲಗೆ, "ಕಾಣ್ತಿದೆ. ಶಿವನೇ, ಕಾಣ್ತಿದೆ."

ಇಲ್ಲದ ಗೆರೆಯನ್ನು ಅವರು ನೋಡಿದರು. ಹೊರಗೆ ಬಂದು ತಾವೇ ಆ ಪಿನ್ನಿಗೆ ಕೆಂಪು ಬಣ್ಣ ಬಳಿದು, ಕೆಂಪು ಪೆಟ್ಟಿಗೆಗೆ ಹಾಕಿ, ರಿಜಿಸ್ಟರಿನ ಹೊಸ ಹಾಳೆಯಲ್ಲಿ ಒಂದು ಎಂದು ಬರೆದರು. ನನ್ನ ಸ್ಟೂಲನ್ನು ಎಳೆದುಕೊಂಡು ಕೂತರು.

"ಐದು ದಿನ ಓಡ್ಸಿದೀನಿ. ನನ್ನ ಮಗಳು ಮುಂದೆ ಕೂತಿದ್ಲು."

ನೀರು ಕೊಟ್ಟೆ. ಕುಡಿಯಲಿಲ್ಲ. ಎದ್ದು ಯಜಮಾನರ ಕೋಣೆಗೆ ಹೋದರು. ಒಳಗಿನಿಂದ ಯಜಮಾನರ ಜೋರು ದನಿ ಕೇಳಿಸಿತು.

ಅಲ್ಲಿಂದಾಚೆ ಪಿನ್ನುಗಳು ವಾಪಸ್ಸು ಬರತೊಡಗಿದವು. ಮೊದಲು ಆ ಕಂಪನಿಗಳ ಗೋದಾಮಿನಲ್ಲಿದ್ದವು, ಆಮೇಲೆ ಮಾರಾಟವಾಗದ ಗಾಡಿಗಳವು, ಕೊನೆಗೆ ಜನರ ಗಾಡಿಗಳವು. ಶೋರೂಮಿನವರು ಒಬ್ಬೊಬ್ಬರಿಗೂ ಫೋನು ಮಾಡಿ, ಗಾಡಿ ತರಿಸಿ, ಹೊಸ ಪಿನ್ನು ಹಾಕಿ, ಹಳೆಯದನ್ನು ಗಾಡಿ ನಂಬರಿನ ಚೀಟಿ ಹಚ್ಚಿದ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ನಮಗೆ ಕಳಿಸುತ್ತಿದ್ದರು. ಎಲ್ಲವನ್ನೂ ನೋಡುವವಳು ನಾನೊಬ್ಬಳೇ. ಹಸಿರು ಗೆರೆ ಕಂಡರೆ ರಿಜಿಸ್ಟರಿನಲ್ಲಿ ಒಂದು ಸೇರಿಸಬೇಕು. ಹನ್ನೆರಡು, ಹತ್ತೊಂಬತ್ತು, ಮೂವತ್ತು.

ಬಣ್ಣ ಹಚ್ಚಲು ಪೆಟ್ಟಿಗೆಯ ಕೀಲಿ ಕೊಟ್ಟದ್ದು ತಮ್ಮದೇ ತಪ್ಪು ಎಂದು ರಾಜೇಂದ್ರ ಸಾರ್ ಬರೆದುಕೊಟ್ಟರಂತೆ. ಚನ್ನಕ್ಕನನ್ನು ಯಾರೂ ತೆಗೆಯಲಿಲ್ಲ. ಆದರೆ ಮುತ್ತು ಅವಳಿಗೆ ವಿಷಯ ಹೇಳಿಬಿಟ್ಟಿದ್ದ. ಈಗ ಅವಳು ಟೀ ಲೋಟವನ್ನೂ ಕೈಯಲ್ಲಿ ಹಿಡಿದು ಕೇಳುತ್ತಾಳೆ, "ಇದನ್ನ ತೊಳೀಲೇನ್ರಿ? ತೊಳದ್ರ ಏನೂ ಆಗೂದಿಲ್ಲಲ್ಲ?" ಯಾರೂ ನಗುವುದಿಲ್ಲ.

ಫೆಬ್ರವರಿಯಲ್ಲಿ ಬಂದ ಒಂದು ಚೀಲದಲ್ಲಿ ಪಿನ್ನು ಎರಡು ತುಂಡಾಗಿತ್ತು. ಅದಕ್ಕೆ ದೀಪ ಬೇಕಿರಲಿಲ್ಲ. ತೂತಿನ ಪಕ್ಕ ಸರಿಯಾಗಿ ಮುರಿದಿತ್ತು, ಮುರಿದ ಅಂಚಿನಲ್ಲಿ ಹಳೆಯ ಬಿರುಕು ಕಪ್ಪಗೆ, ಹೊಸದು ಬಿಳಿಯದಾಗಿ ಕಾಣುತ್ತಿತ್ತು. ಚೀಟಿಯಲ್ಲಿ ನಂಬರು ಮಾತ್ರ ಇತ್ತು. ಆ ಗಾಡಿಗೆ ಏನಾಯಿತು ಎಂದು ನಾನು ರಾಜೇಂದ್ರ ಸಾರ್ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡಿದರು. ರಿಜಿಸ್ಟರಿನಲ್ಲಿ ನಲವತ್ತನೆಯದು ಎಂದು ಬರೆದೆ.

ನಲವತ್ತೈದು ಆದ ದಿನ ಯಜಮಾನರು ಬಂದು ಹಾಳೆ ನೋಡಿದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ ಬಂದಿತ್ತು. "ಇನ್ನೊಂದೇ ತಾನೇ? ಎಷ್ಟು ಗಾಡಿ ಬಾಕಿ ರಾಜೇಂದ್ರ?"

"ನೂರ ಎಂಬತ್ತು ಸಾರ್. ಕೆಲವರು ಫೋನೇ ಎತ್ತಲ್ಲ. ಕೆಲವರು ಗಾಡಿ ಮಾರ್ಬಿಟ್ಟವ್ರೆ."

"ಅದೊಂದು ಸಿಕ್ಕಿದ ದಿನ ಮೂರೂ ಕಡೆಗೆ ಬರೆದುಬಿಡಿ, ನಲವತ್ತಾರೂ ಬಂತು ಅಂತ. ಅವರೂ ಅದನ್ನೇ ಕಾಯ್ತಾವ್ರೆ. ಮುಗಿಸ್ಬಿಡೋಣ."

ಅವರು ಹೋದ ಮೇಲೆ ನಾನು ಪರದೆಯೊಳಗೆ ಕೂತು ಬೆರಳು ಮಡಿಚಿ ಎಣಿಸಿದೆ. ಹಾಳೆಯಲ್ಲಿ ಮೊದಲನೆಯದು ರಾಜೇಂದ್ರ ಸಾರ್ ಗಾಡಿಯದು. ಅದರಲ್ಲಿ ಬಿರುಕೇ ಇರಲಿಲ್ಲ. ಹಾಗಾದರೆ ನಿಜವಾಗಿ ಬಂದದ್ದು ನಲವತ್ತನಾಲ್ಕು. ಹೊರಗೆ ಉಳಿದದ್ದು ಒಂದಲ್ಲ, ಎರಡು. ಇನ್ನೊಂದು ಸಿಕ್ಕರೆ ಹಾಳೆಯಲ್ಲಿ ನಲವತ್ತಾರು ಆಗುತ್ತದೆ, ಫೋನು ನಿಲ್ಲುತ್ತದೆ. ಕೊನೆಯ ಗಾಡಿಯವರನ್ನು ಯಾರೂ ಕರೆಯುವುದಿಲ್ಲ.

ಹೋಗಿ ನಿಜ ಹೇಳಬಹುದಿತ್ತು. ಅವತ್ತು ನಾನು ಸುಳ್ಳು ಹೇಳಿದೆ ಎಂದರೆ ಆಮೇಲೆ ನಾನು ನೋಡಿದ ಹತ್ತಿರಹತ್ತಿರ ಎರಡು ಸಾವಿರ ಪಿನ್ನುಗಳನ್ನೂ ಯಾರು ನಂಬುತ್ತಾರೆ? ಚೆನ್ನಾಗಿದೆ ಎಂದವೂ ಕೆಟ್ಟಿದೆ ಎಂದವೂ ಒಂದೇ ಆಗಿಬಿಡುತ್ತವೆ.

ನಿನ್ನೆ ಹನ್ನೊಂದು ಚೀಲಗಳು ಬಂದವು. ಏಳನೆಯದರಲ್ಲಿ ಗೆರೆಯಿತ್ತು. ತೂತಿನ ಪಕ್ಕ, ಅದೇ ಜಾಗ, ಹಸಿರು. ದೀಪದ ಕೆಳಗೆ ಬಹಳ ಹೊತ್ತು ಹಿಡಿದುಕೊಂಡಿದ್ದೆ. ರಾಜೇಂದ್ರ ಸಾರ್ ಈಗ ಒಳಗೆ ಬರುವುದಿಲ್ಲ. ಪರದೆಯ ಆಚೆ ನಿಂತೇ ಕೇಳುತ್ತಾರೆ.

"ಇವತ್ತಾದ್ರೂ ಸಿಕ್ತಾ?"

"ಇಲ್ಲ ಸಾರ್. ಹನ್ನೊಂದೂ ಚೆನ್ನಾಗಿವೆ."

"ಎಲ್ಲಿ ಹೋಗಿ ಕೂತಿದ್ಯೋ ಅದು" ಎಂದರು. "ಆಯ್ತು, ನಾಳೆಯಿಂದ ಮನೆ ಅಡ್ರೆಸ್ಸಿಗೇ ಜನ ಕಳ್ಸಿ ಅಂತ ಶೋರೂಮ್‌ನವ್ರಿಗೆ ಹೇಳ್ತೀನಿ."

ಪಿನ್ನನ್ನು ಟಿಫಿನ್ ಬಾಕ್ಸಿನ ಮುಚ್ಚಳದಲ್ಲಿ ಬಚ್ಚಿಟ್ಟುಕೊಂಡು ಬಂದೆ. ನಡೆಯುವಾಗ ಅದು ಒಳಗೆ ಅತ್ತಿತ್ತ ಉರುಳಿ ಸದ್ದು ಮಾಡುತ್ತಿತ್ತು. ದಾಸರಹಳ್ಳಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಬಿಳಿ ಚೀಟಿಯ ಕಂಪನಿಯದೊಂದು ಬಂದು ನಿಂತಿತು. ಅದರ ಹಿಂದೆ ನೀಲಿಯದು ನಿಂತಿತು. ಶಾಲೆ ಮಕ್ಕಳ ಒಂದು ಗುಂಪು ಕೈ ಕೈ ಹಿಡಿದು ರಸ್ತೆ ದಾಟತೊಡಗಿತು. ತುಮಕೂರಿನ ಕಡೆಯಿಂದ ಇನ್ನೊಂದು ಬರುತ್ತಿತ್ತು, ಸ್ವಲ್ಪ ಜೋರಾಗಿಯೇ.

ಬಾಕ್ಸನ್ನು ಎದೆಗೆ ಒತ್ತಿ ಹಿಡಿದುಕೊಂಡು ನಾನು ಅದು ನಿಲ್ಲುವುದನ್ನು ಕಾದೆ.